ಮೂರನೆಯ ನ್ಯಾಯಾಧೀಶರ ಮಾತು

೨೦೧೯ನೇ ಇಸವಿ ಮಾರ್ಚ್ ಒಂಬತ್ತು, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಾನು ಊಟದ ಮೇಜಿನ ಮುಂದೆ ಕುಳಿತು, ಒಂದು ಹಳೆಯ ತೀರ್ಪಿನ ನಕಲು ಪ್ರತಿಯಲ್ಲಿ ಹದಿನಾಲ್ಕನೆಯ ಪುಟದಿಂದ ಹದಿಮೂರನೆಯ ಪುಟಕ್ಕೆ ಹಿಂದೆ ಸರಿದೆ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ಗೋಡೆಯ ಗಡಿಯಾರ ನೋಡಿ, ಅತ್ತೆಯ ಪರೀಕ್ಷೆಗೆ ಇನ್ನು ಆರು ಗಂಟೆ ಇಪ್ಪತ್ತು ನಿಮಿಷವಿದೆ ಎಂದು ಲೆಕ್ಕ ಹಾಕಿದ್ದೆ. ಹದಿಮೂರನೆಯ ಪುಟದ ಕೆಳಭಾಗದಲ್ಲಿ ದಪ್ಪ ಅಕ್ಷರದಲ್ಲಿ ಮೂರನೆಯ ನ್ಯಾಯಾಧೀಶರ ಹೆಸರಿತ್ತು. ಅದರ ಕೆಳಗೆ ಅವರ ಮೊದಲ ಸಾಲು: 'ನನ್ನ ಇಬ್ಬರು ಸಹೋದ್ಯೋಗಿಗಳ ನಿರ್ಣಯವನ್ನು ನಾನು ಒಪ್ಪಲಾರೆ.'

ನನ್ನ ಕೈಕಾಲು ತಣ್ಣಗಾದವು. ಒಂದು ಸಾಲು ಓದಿ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಕೆಲಸ ಮಾಡಿದ ರಸಾಯನಶಾಸ್ತ್ರದ ಪದವೀಧರೆಯೊಬ್ಬಳ ಕೈಕಾಲು ಏಕೆ ತಣ್ಣಗಾಗಬೇಕು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನನ್ನ ಅತ್ತೆ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವರು; ಕೊನೆಯ ಹನ್ನೆರಡು ವರ್ಷ ಆ ವಾರ್ಡಿನ ಮೇಲ್ವಿಚಾರಕಿ. ಅಲ್ಲಿ ಅವರ ಅಡ್ಡಹೆಸರು ಮೇಜರ್. ಅವರ ಚಪ್ಪಲಿಯ ಸದ್ದು ಕೇಳಿದರೆ ಡಾಕ್ಟರುಗಳೂ ನೆಟ್ಟಗೆ ನಿಲ್ಲುತ್ತಿದ್ದರಂತೆ. ನಿವೃತ್ತರಾದ ಮರುವರ್ಷ, ಅರವತ್ತಕ್ಕೆ, ಸಂಜೆಯ ಕಾನೂನು ಕಾಲೇಜು ಸೇರಿದರು, ನಾಲ್ಕು ವರ್ಷದ ಓದು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. ಕೆಲಸದಲ್ಲಿದ್ದಾಗ ಎರಡು ಬಾರಿ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರು. ಎರಡು ಸಲವೂ ವಕೀಲರು, ಹೌದು ಅಥವಾ ಇಲ್ಲ ಅಷ್ಟೇ ಹೇಳಿ ಎಂದು ಬಾಯಿ ಕಟ್ಟಿಹಾಕಿದ್ದರು. ಹೌದು ಮತ್ತು ಇಲ್ಲಗಳ ನಡುವೆ ಎಷ್ಟು ಜಾಗವಿದೆ ಎನ್ನುವುದು ಹೆರಿಗೆ ಮಾಡಿಸಿದವಳಿಗೆ ಗೊತ್ತು, ಆ ಜಾಗವನ್ನು ಕೋರ್ಟಿನವರು ಎಲ್ಲಿ ಬಚ್ಚಿಟ್ಟಿದ್ದಾರೆ ನೋಡಿಬರುತ್ತೇನೆ ಎನ್ನುತ್ತಿದ್ದರು.

ನಾನು ಅವರ ಓದಿನಲ್ಲಿ ಮೂಗು ತೂರಿಸಿದ್ದು ಎರಡನೆಯ ವರ್ಷದಲ್ಲಿ. ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಅವರು ಓದುವ ಹಾಗಿರಲಿಲ್ಲ. ಸಂಜೆ ಆರರಿಂದ ಎಂಟರವರೆಗೆ ನಾನು ಗಟ್ಟಿಯಾಗಿ ಓದುವುದು, ಅವರು ತರಕಾರಿ ಹೆಚ್ಚುತ್ತ ಕೇಳುವುದು ಎಂದಾಯಿತು. ಕಣ್ಣು ಸರಿಹೋದ ಮೇಲೂ ಅದು ನಿಲ್ಲಲಿಲ್ಲ. ನಿಲ್ಲಿಸಲು ನನಗೂ ಮನಸ್ಸಿರಲಿಲ್ಲ.

ಮೊದಮೊದಲು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಾನೂನು ಎಂದರೆ ಒಂದು ದಪ್ಪ ಪುಸ್ತಕ, ಅದರಲ್ಲಿ ಕ್ರಮಸಂಖ್ಯೆ ಹಾಕಿದ ನಿಯಮಗಳು, ಓದಿಕೊಂಡರೆ ಮುಗಿಯಿತು ಎಂದು ನಾನು ನಂಬಿದ್ದೆ. ಅಂಥ ಪುಸ್ತಕಗಳೂ ಇವೆ. ಆದರೆ ನಮ್ಮ ದೇಶದ ಪದ್ಧತಿಯಲ್ಲಿ ಕಾನೂನಿನ ದೊಡ್ಡದೊಂದು ಭಾಗವನ್ನು ಯಾರೂ ಕುಳಿತು ಬರೆದದ್ದಲ್ಲ. ಯಾರದೋ ಹಸು ಯಾರದೋ ತೋಟಕ್ಕೆ ನುಗ್ಗಿತು, ಜಗಳ ಕೋರ್ಟಿಗೆ ಹೋಯಿತು, ನ್ಯಾಯಾಧೀಶರು ಅದನ್ನು ತೀರ್ಮಾನಿಸಿ ಕಾರಣ ಬರೆದರು. ಮುಂದೆ ಇನ್ನೊಬ್ಬರ ಕುದುರೆ ನುಗ್ಗಿದಾಗ ಹಸುವಿನ ತೀರ್ಪನ್ನು ತೆಗೆದು ನೋಡಿದರು. ಮೇಲಿನ ಕೋರ್ಟು ಹಿಂದೆ ಹೇಳಿದ್ದು ಕೆಳಗಿನ ಕೋರ್ಟಿಗೆ ಕಟ್ಟುಪಾಡು. ಹೀಗೆ ಒಂದರ ಬೆನ್ನಿಗೆ ಒಂದು, ನಾನೂರು ಐನೂರು ವರ್ಷಗಳ ಜಗಳಗಳ ಸಾಲು.

ನನ್ನ ತಕರಾರು ಬೇರೆಯಿತ್ತು. ನಮ್ಮಲ್ಲಿ ಒಂದು ನಿಯಮಕ್ಕೆ ವಿರುದ್ಧವಾಗಿ ಒಂದೇ ಒಂದು ಪ್ರಯೋಗ ಗಟ್ಟಿಯಾಗಿ ನಿಂತರೆ ನಿಯಮ ಬಿದ್ದುಹೋಗುತ್ತದೆ. ಇವರಲ್ಲಿ ಬೀಳುವುದಿಲ್ಲ, ಆ ಮೊಕದ್ದಮೆಯ ಸಂಗತಿ ಬೇರೆ, ಇದರ ಸಂಗತಿ ಬೇರೆ ಎಂದು ವಕೀಲರು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಾರೆ. ಇದು ನುಣುಚಿಕೊಳ್ಳುವ ಬುದ್ಧಿ ಎಂದು ನಾನು ವಾದಿಸಿದ್ದೆ.

"ಎಲ್ಲ ಬಾಣಂತಿಯರಿಗೂ ಒಂದೇ ಔಷಧಿ ಕೊಡ್ತೀವೇನೇ ಪಿಪೆಟ್ಟು?" ಎಂದು ಅತ್ತೆ ಕೇಳಿದ್ದರು. ಪಿಪೆಟ್ಟು ಎಂದರೆ ನಾನು. ಪ್ರಯೋಗಾಲಯದಲ್ಲಿ ಹನಿ ಹನಿ ಅಳೆಯುವ ಗಾಜಿನ ಕೊಳವೆ ಅದು. ಮದುವೆಯಾದ ಮೊದಲ ವಾರ ನಾನು ಕಾಫಿಗೆ ಹಾಲನ್ನು ಅಳತೆಯ ಲೋಟದಲ್ಲಿ ಸುರಿದದ್ದನ್ನು ನೋಡಿ ಇಟ್ಟ ಹೆಸರು.

ಅವರಿಗಾಗಿ ನಾನು ಚೀಟಿಗಳ ಪದ್ಧತಿಯೊಂದನ್ನು ಮಾಡಿದೆ. ಒಂದು ತೀರ್ಪಿಗೆ ಒಂದು ರಟ್ಟಿನ ಚೀಟಿ. ಮೇಲೆ ಸಂಗತಿ, ನಡುವೆ ಯಾರು ಗೆದ್ದರು, ಕೆಳಗೆ ಆ ತೀರ್ಪಿನ ಅತ್ಯುತ್ತಮ ವಾಕ್ಯ ಮತ್ತು ಪುಟಸಂಖ್ಯೆ. ಕೋರ್ಟಿಗೊಂದು ಬಣ್ಣ. ಒಟ್ಟು ಇನ್ನೂರ ಹನ್ನೆರಡು ಚೀಟಿಗಳಾದವು. ಅತ್ತೆ ಅದನ್ನು ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟರು. ಒಬ್ಬಿಬ್ಬರು ನಕಲು ಮಾಡಿಕೊಂಡರು.

ಮೂರನೆಯ ವರ್ಷದಲ್ಲಿ ಅಣಕು ನ್ಯಾಯಾಲಯದ ಪರೀಕ್ಷೆ. ಕಾಲೇಜಿನವರು ಒಂದು ಕಟ್ಟುಕತೆಯ ಮೊಕದ್ದಮೆ ಕೊಡುತ್ತಾರೆ, ನಿಜವಾದ ನ್ಯಾಯಾಧೀಶರೊಬ್ಬರನ್ನು ಕರೆಸುತ್ತಾರೆ, ಇಬ್ಬರು ವಿದ್ಯಾರ್ಥಿಗಳು ಎದುರುಬದುರಾಗಿ ವಾದ ಮಾಡಬೇಕು. ನೂರಕ್ಕೆ ಐವತ್ತು ಬಂದರೆ ಪಾಸು. ಅವಕಾಶ ಎರಡೇ. ಎರಡೂ ಹೋದರೆ ಇಡೀ ವರ್ಷ ಮತ್ತೆ ಓದಬೇಕು. ನವೆಂಬರಿನ ಮೊದಲ ಅವಕಾಶದಲ್ಲಿ ಅತ್ತೆಗೆ ಬಂದದ್ದು ಮೂವತ್ತೆಂಟು. ವಿಷಯ ಚೆನ್ನಾಗಿಯೇ ಗೊತ್ತಿತ್ತು. ಆದರೆ ನ್ಯಾಯಾಧೀಶರು ಮೂರನೆಯ ಸಲ ನಡುವೆ ಪ್ರಶ್ನೆ ಕೇಳಿದಾಗ, "ಸ್ವಲ್ಪ ಸುಮ್ಮನಿರಿ, ನಾನು ಮುಗಿಸ್ತೀನಿ" ಎಂದುಬಿಟ್ಟಿದ್ದರು. ವಾರ್ಡಿನಲ್ಲಿ ಆ ಮಾತಿಗೆ ಯಾವ ಡಾಕ್ಟರೂ ಎದುರಾಡಿರಲಿಲ್ಲ.

ಎರಡನೆಯ ಅವಕಾಶವೇ ಈ ಮಾರ್ಚ್ ಒಂಬತ್ತು. ಇದೂ ಹೋದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುವುದಾಗಿ ಅತ್ತೆ ಜನವರಿಯಲ್ಲೇ ಹೇಳಿದ್ದರು. ಅರವತ್ತೆರಡರಲ್ಲಿ ಒಂದು ವರ್ಷವನ್ನು ಎರಡು ಸಲ ಖರ್ಚು ಮಾಡುವಷ್ಟು ಪುರುಸೊತ್ತು ತನಗಿಲ್ಲ ಎಂದು ನಕ್ಕೇ ಹೇಳಿದ್ದು. ಆದರೆ ಅವರು ಹೇಳಿದ್ದನ್ನು ಮಾಡುವವರು.

ಈ ಸಲದ ಮೊಕದ್ದಮೆ ಹೀಗಿತ್ತು. ಕೆಳಮಹಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನ ಕಾರ್ಯಾಗಾರ. ಮೇಲ್ಮಹಡಿಯಲ್ಲಿ ಒಂದು ಸಂಸಾರ. ಅವರು ಶುಕ್ರವಾರ ಮಧ್ಯಾಹ್ನ ಮನೆಗೆ ಬೀಗ ಹಾಕಿ ಹೋಗಿ ಭಾನುವಾರ ಸಂಜೆ ಬಂದರು. ನಡುವೆ ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ತರುವ ಕೊಳವೆ ಒಡೆದು, ಕೆಳಗಿದ್ದ ನಲವತ್ತೆರಡು ಹಳೆಯ ಪುಸ್ತಕಗಳು ಮುದ್ದೆಯಾದವು. ಕೊಳವೆ ಹೊಸದು, ಯಾರದ್ದೂ ಅಜಾಗರೂಕತೆ ಇಲ್ಲ ಎಂದು ಎರಡೂ ಕಡೆಯವರು ಒಪ್ಪಿದ್ದಾರೆ. ಹಾಗಿದ್ದೂ ಮೇಲಿನವರು ನಷ್ಟಕ್ಕೆ ಹೊಣೆಯೇ? ಅತ್ತೆ ರಟ್ಟು ಕಟ್ಟುವವನ ಪರ.

ಅದಕ್ಕೆ ಹೊಂದುವ ತೀರ್ಪನ್ನು ಹುಡುಕಿಕೊಟ್ಟವಳು ನಾನು. ಮೇಲಿನ ಕೋರ್ಟಿನದು, ಅರವತ್ತು ವರ್ಷ ಹಳೆಯದು. ಮಾಳಿಗೆಯ ಮೇಲಿದ್ದ ನೀರಿನ ತೊಟ್ಟಿ ಒಡೆದು ಕೆಳಗಿನ ಹತ್ತಿಯ ದಾಸ್ತಾನು ಹಾಳಾದ ಮೊಕದ್ದಮೆ. ಅದರ ಹದಿನಾಲ್ಕನೆಯ ಪುಟದಲ್ಲಿ ಮುತ್ತಿನಂಥ ಒಂದು ವಾಕ್ಯ ನನಗೆ ಸಿಕ್ಕಿತು: 'ಇನ್ನೊಬ್ಬರ ತಲೆಯ ಮೇಲೆ ನೀರನ್ನು ಇಟ್ಟುಕೊಂಡವನು, ತಪ್ಪು ಯಾರದೇ ಇರಲಿ, ಆ ನೀರಿಗೆ ತಾನೇ ಉತ್ತರ ಹೇಳಬೇಕು.' ಖುಷಿಯಲ್ಲಿ ಚೀಟಿಗೆ ಇಳಿಸಿದೆ. ಗೆದ್ದವರು ಯಾರು ಎಂಬ ಜಾಗದಲ್ಲಿ, ಆ ವಾಕ್ಯದ ಗತ್ತಿಗೆ ಮರುಳಾಗಿ, 'ಕೆಳಗಿನವರು' ಎಂದು ಬರೆದೆ. ಕೊನೆಯ ಪುಟದ ಆದೇಶವನ್ನು ಓದಲಿಲ್ಲ. ಅತ್ತೆಯ ಇಪ್ಪತ್ತು ನಿಮಿಷದ ವಾದದಲ್ಲಿ ಹನ್ನೆರಡು ನಿಮಿಷ ಈ ವಾಕ್ಯದ ಮೇಲೆ ನಿಂತಿತ್ತು.

ಅಂದು ಬೆಳಿಗ್ಗೆ ಪುಟಸಂಖ್ಯೆಗಳನ್ನು ಕೊನೆಯ ಬಾರಿ ತಾಳೆ ನೋಡುತ್ತಿದ್ದಾಗ ತಿಳಿದದ್ದು ಇಷ್ಟು. ಈ ಪದ್ಧತಿಯಲ್ಲಿ ಮೂವರು ನ್ಯಾಯಾಧೀಶರು ಕೂತರೆ ಮೂವರೂ ಬೇರೆ ಬೇರೆ ಬರೆಯಬಹುದು. ತೊಟ್ಟಿಯ ಮೊಕದ್ದಮೆಯಲ್ಲಿ ಇಬ್ಬರು ಮೇಲಿನವರು ಹೊಣೆಯಲ್ಲ ಎಂದಿದ್ದರು. ಮೂರನೆಯವರು ಒಪ್ಪದೆ ತಮ್ಮ ಭಿನ್ನಮತ ಬರೆದಿದ್ದರು. ನನ್ನ ಮುತ್ತು ಅವರದು. ಸೋತ ಮಾತು. ಕಾನೂನು ಅದರ ತಿರುವುಮುರುವು.

ನನ್ನ ಚೀಟಿಯಲ್ಲಿ ಯಾರು ಹೇಳಿದ್ದು ಎಂಬ ಅಂಕಣವೇ ಇರಲಿಲ್ಲ. ಇನ್ನೂರ ಹನ್ನೆರಡರಲ್ಲಿ ಒಂದರಲ್ಲೂ ಇರಲಿಲ್ಲ. ಅದು ಮರೆವಲ್ಲ, ಬೇಕೆಂದೇ ಬಿಟ್ಟದ್ದು. ನೀರಿನ ಆಮ್ಲಾಂಶವನ್ನು ಯಾರು ಅಳೆದರೂ ಅಷ್ಟೇ. ಅಳೆದವರ ಹೆಸರಿನಿಂದ ನೀರು ಬದಲಾಗುವುದಿಲ್ಲ. ಯಾರು ಹೇಳಿದರು ಎಂದು ಕೇಳುವುದೇ ಅವೈಜ್ಞಾನಿಕ ಎಂದು ನನಗೆ ಕಾಲೇಜಿನ ಮೊದಲ ವಾರದಲ್ಲೇ ಕಲಿಸಿದ್ದರು.

ಅತ್ತೆ ಬಾಲ್ಕನಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದರು. ಬಾಗಿಲ ಸಂದಿಯಿಂದ ಅವರ ದನಿ ಕೇಳುತ್ತಿತ್ತು. ಇನ್ನೊಬ್ಬರ ತಲೆಯ ಮೇಲೆ ನೀರನ್ನು ಇಟ್ಟುಕೊಂಡವನು ಎನ್ನುವಾಗ ಅವರು ಸ್ವಲ್ಪ ನಿಲ್ಲುತ್ತಿದ್ದರು, ಎದುರಿಗಿದ್ದವರ ಮುಖ ನೋಡಲು ಅಭ್ಯಾಸ ಮಾಡಿದ ನಿಲುಗಡೆ ಅದು. ನಾನು ಎದ್ದೆ. ಮತ್ತೆ ಕುಳಿತೆ. ಕೊನೆಗೆ ಹೋಗಿ ಪುಟವನ್ನು ಅವರ ಕೈಗೆ ಕೊಟ್ಟೆ.

ಅವರು ಓದಿದರು. ಹದಿಮೂರನೆಯ ಪುಟ, ಹದಿನಾಲ್ಕು, ಕೊನೆಯ ಪುಟ. ನಂತರ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ಗೊತ್ತಾಗಿ ಎಷ್ಟು ನಿಮಿಷ ಆಯ್ತು?"

"ನಾಲ್ಕು."

"ಮೂರು ಜಾಸ್ತಿ ಆಯ್ತು," ಎಂದರು. "ಅಳೋದಿದ್ರೆ ಬೇಗ ಅತ್ತು ಮುಗಿಸು. ಆಮೇಲೆ ಕೆಲಸ ಇದೆ."

ನಾನು ಅಳಲಿಲ್ಲ. ಅಳು ಬಂದಿತ್ತು, ಆ ಮಾತಿಗೆ ಹೆದರಿ ಒಳಗೇ ಉಳಿಯಿತು.

ನನ್ನ ಗಂಡ ಕನ್ನಡಕದ ಗಾಜುಗಳನ್ನು ಉಜ್ಜಿ ಹದಗೊಳಿಸುವ ಕೆಲಸದವನು. ಅಂದು ರಜೆ ಹಾಕಿದ್ದ. ಬ್ರೆಡ್ಡು ಸುಡುತ್ತಿದ್ದವನು ವಿಷಯ ಕೇಳಿ ತಟ್ಟೆ ಹಿಡಿದೇ ಬಂದ. ಎದುರಾಳಿ ವಿದ್ಯಾರ್ಥಿನಿ ಮೂರು ದಿನ ಮೊದಲೇ ತನ್ನ ವಾದದ ಸಾರಾಂಶ ಕಳಿಸಿದ್ದಳು, ನಿಯಮ ಹಾಗಿತ್ತು; ವಾದಿಯ ಕಡೆಯ ಅತ್ತೆಯ ಸಾರಾಂಶ ಮಾತ್ರ ನೇರ ನ್ಯಾಯಾಧೀಶರಿಗೆ ಹೋಗಿತ್ತು. ಅದನ್ನು ತಿರುವಿಹಾಕಿ, ಅವಳು ತೊಟ್ಟಿಯ ಮೊಕದ್ದಮೆಯ ಹೆಸರನ್ನೇ ಎತ್ತಿಲ್ಲ ಎಂದು ತೋರಿಸಿದ. ಅವಳಿಗೆ ಅದು ಸಿಕ್ಕಿಯೇ ಇರಲಿಲ್ಲ.

"ಅವಳಿಗೇ ಗೊತ್ತಿಲ್ಲ ಅಂದ್ಮೇಲೆ ನಾವ್ಯಾಕಮ್ಮ ಬಾಯಿ ಬಿಡ್ಬೇಕು? ಆ ಚೀಟಿ ತೆಗೆದು ಡಬ್ಬಿಗೆ ಹಾಕು, ಉಳಿದದ್ದು ಹೇಳು."

ನಿಜ ಹೇಳಬೇಕೆಂದರೆ ನನಗೂ ಅದೇ ಹೊಳೆದಿತ್ತು. ಆ ನಾಲ್ಕು ನಿಮಿಷಗಳಲ್ಲಿ ಎರಡು ಅದಕ್ಕೇ ಹೋಗಿದ್ದವು.

ಅತ್ತೆ ಮಗನಿಗೆ ಕುರ್ಚಿ ತೋರಿಸಿದರು. ಈ ಪದ್ಧತಿಯಲ್ಲಿ ಒಂದು ಕಟ್ಟಳೆಯಿದೆ ಎಂದು ವಿವರಿಸಿದರು. ನ್ಯಾಯಾಧೀಶರು ಸಾವಿರಾರು ತೀರ್ಪುಗಳನ್ನು ತಾವೇ ಹುಡುಕಲಾರರು, ವಕೀಲರು ತಂದಿಟ್ಟದ್ದನ್ನು ನಂಬಿಯೇ ಅವರ ಕೆಲಸ ನಡೆಯಬೇಕು. ಆದ್ದರಿಂದ ಮೇಲಿನ ಕೋರ್ಟಿನ ತೀರ್ಪೊಂದು ನನಗೆ ವಿರುದ್ಧವಾಗಿದ್ದು, ಎದುರಾಳಿ ಅದನ್ನು ಕಾಣದೆ ಹೋದರೂ, ಕಂಡ ನಾನು ಅದನ್ನು ನ್ಯಾಯಾಧೀಶರ ಮುಂದೆ ಇಡಲೇಬೇಕು. ಇಟ್ಟ ಮೇಲೆ ಬೇಕಾದರೆ ಅದರ ಜೊತೆ ಗುದ್ದಾಡಬಹುದು. ಬಚ್ಚಿಡುವ ಹಾಗಿಲ್ಲ.

"ಹಿಂದಿನ ಪಾಳಿಯಲ್ಲಿ ಬಾಣಂತಿಗೆ ರಕ್ತ ಹೋಗಿತ್ತು ಅನ್ನೋದನ್ನ ಮುಚ್ಚಿಟ್ಟು ವಾರ್ಡು ಒಪ್ಪಿಸಿಕೊಡೋಕಾಗತ್ತೇನೋ?" ಎಂದರು. "ಮುಂದಿನವಳು ಕೇಳ್ಲಿಲ್ಲ ಅಂತ ಹೇಳ್ದೆ ಹೋಗೋಕಾಗತ್ತಾ?"

ಮಗ ಸುಟ್ಟ ಬ್ರೆಡ್ಡಿನ ಕಪ್ಪನ್ನು ಕೆರೆಯತೊಡಗಿದ. ನಮ್ಮ ಮನೆಯಲ್ಲಿ ವಾರ್ಡಿನ ಉದಾಹರಣೆ ಬಂದರೆ ಮೇಲ್ಮನವಿ ಇಲ್ಲ.

ಎಂಟೂಕಾಲಿಗೆ ಮೂವರೂ ಮೇಜಿಗೆ ಕುಳಿತೆವು. ಆ ತೀರ್ಪನ್ನು ಅತ್ತೆ ಮೊದಲ ಪುಟದಿಂದ ಗಟ್ಟಿಯಾಗಿ ಓದಿದರು, ಈ ಸಲ ನಾನು ಕೇಳುವವಳು. ಗೆದ್ದ ಇಬ್ಬರು ನ್ಯಾಯಾಧೀಶರ ಬರಹದಲ್ಲಿ ಚಂದದ ವಾಕ್ಯ ಒಂದೂ ಇರಲಿಲ್ಲ. ತೊಟ್ಟಿ ಎಷ್ಟು ಅಗಲ, ಎಷ್ಟು ಆಳ, ಎಷ್ಟು ಜನರ ಮನೆ, ದಿನಕ್ಕೆ ಎಷ್ಟು ನೀರು ಬೇಕು ಎಂದು ಒಣಒಣ ವಿವರ. ಮೊದಲ ಓದಿನಲ್ಲಿ ನಾನು ಇವನ್ನೆಲ್ಲ ಹಾರಿಸಿದ್ದೆ. ನಿಯಮ ಎಲ್ಲಿದೆ ಎಂದು ಹುಡುಕುವ ಆತುರದಲ್ಲಿ ಸಂಗತಿಗಳು ನನಗೆ ಹೊಟ್ಟಿನ ಹಾಗೆ ಕಂಡಿದ್ದವು.

ಅತ್ತೆ ಓದುವುದನ್ನು ಕೇಳುತ್ತ ಕೂತಾಗ, ಎರಡು ವರ್ಷ ತಲೆಗೆ ಹತ್ತದಿದ್ದದ್ದು ಹತ್ತಿತು. ದ್ರವವೊಂದು ಇಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಬರೆದು, ಯಾವ ಒತ್ತಡದಲ್ಲಿ ಎಂದು ಬರೆಯದಿದ್ದರೆ ಆ ಅಂಕಿ ಪ್ರಯೋಜನಕ್ಕಿಲ್ಲ. ನಾನೇ ಹೊಸಬರ ವರದಿಗಳನ್ನು ಈ ಕಾರಣಕ್ಕೆ ವಾಪಸು ಕಳಿಸಿದ್ದೇನೆ. ತೀರ್ಪಿನಲ್ಲಿ ಸಂಗತಿಗಳೆಂದರೆ ಆ ಒತ್ತಡ, ಆ ಉಷ್ಣಾಂಶ. ಅವನ್ನು ಬಿಟ್ಟು ವಾಕ್ಯವನ್ನು ಮಾತ್ರ ಎತ್ತಿಕೊಂಡವಳು ನಾನು. ಸಂಗತಿ ಬೇರೆ ಎಂದು ಪಕ್ಕಕ್ಕೆ ಸರಿಯುವುದು ನುಣುಚಿಕೊಳ್ಳುವುದಲ್ಲ, ಆ ಅಳತೆ ಇಲ್ಲಿಗೆ ಹೊಂದುತ್ತದೆಯೇ ಎಂದು ಕೇಳುವುದು. ಇದನ್ನು ಅತ್ತೆಗೆ ಹೇಳಿದೆ. ಅವರು, ಎರಡು ವರ್ಷದಿಂದ ತರಕಾರಿ ಹೆಚ್ಚುತ್ತ ತಾನು ಹೇಳಿದ್ದೂ ಅದನ್ನೇ ಎಂದರು.

ಹತ್ತೂವರೆಯ ಹೊತ್ತಿಗೆ ಒಂದು ಎಳೆ ಸಿಕ್ಕಿತು. ಇಬ್ಬರು ನ್ಯಾಯಾಧೀಶರು ತೊಟ್ಟಿಯವನನ್ನು ಬಿಟ್ಟದ್ದಕ್ಕೆ ಎರಡು ಕಾರಣ ಕೊಟ್ಟಿದ್ದರು. ಮನೆಬಳಕೆಗೆ ನೀರು ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ಇದು ಮೊದಲನೆಯದು. ತೊಟ್ಟಿಯಲ್ಲಿದ್ದದ್ದು ಒಂದು ಸಂಸಾರದ ಒಂದು ದಿನದ ನೀರು, ಒಡೆದರೂ ಅಷ್ಟೇ ಸುರಿಯುತ್ತದೆ, ಇದು ಎರಡನೆಯದು. ಎರಡನೆಯದನ್ನು ಓದಿದಾಗ ಅತ್ತೆ ಬೆರಳನ್ನು ಸಾಲಿನ ಮೇಲಿಟ್ಟು ಓದು ನಿಲ್ಲಿಸಿದರು. ವಾರ್ಡಿನಲ್ಲಿ ಶೀಷೆ ಒಡೆಯುವುದಕ್ಕೂ ನಲ್ಲಿ ಒಡೆಯುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನೆನಪಿಸಿಕೊಂಡರು. ಶೀಷೆ ಒಡೆದರೆ ಒರೆಸಿದರಾಯಿತು. ನಲ್ಲಿ ಒಡೆದ ದಿನ ಹನ್ನೊಂದು ತೊಟ್ಟಿಲುಗಳನ್ನು ಇನ್ನೊಂದು ಮಹಡಿಗೆ ಸಾಗಿಸಬೇಕಾಗಿತ್ತು.

ಉಳಿದ ಮೂರೂವರೆ ಗಂಟೆಯಲ್ಲಿ ಹಳೆಯ ಹನ್ನೆರಡು ನಿಮಿಷ ತೆಗೆದುಹಾಕಿ ಹೊಸದನ್ನು ಕಟ್ಟುವುದು ಸಣ್ಣ ಕೆಲಸವಲ್ಲ. ಅದನ್ನು ಬಾಯಿಪಾಠ ಮಾಡಲು ಹೊತ್ತಿರಲಿಲ್ಲ. ಅತ್ತೆ ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಂಡರು. ಊಟ ಮಾಡಲಿಲ್ಲ. ಕಪ್ಪು ಕೋಟು ಹಾಕಿಕೊಳ್ಳುವಾಗ ಗುಂಡಿ ತಪ್ಪಿ ಹಾಕಿದರು, ನಾನು ಸರಿಮಾಡಿದೆ.

ಪರೀಕ್ಷೆ ಕಾಲೇಜಿನ ಎರಡನೆಯ ಮಹಡಿಯ ಪಾಠದ ಕೋಣೆಯಲ್ಲಿ. ಕರಿಹಲಗೆಯ ಮುಂದೆ ಎತ್ತರದ ಪೀಠ, ಅದರ ಮೇಲೆ ಮೇಜು, ನೀರಿನ ಜಗ್ಗು. ನಿವೃತ್ತ ನ್ಯಾಯಾಧೀಶೆಯೊಬ್ಬರು ಬಂದಿದ್ದರು. ಸಣಕಲು ದೇಹ, ಕೈಯಲ್ಲಿ ಮೊಟುಕು ಪೆನ್ಸಿಲ್ಲು. ಎದುರಾಳಿ ಇಪ್ಪತ್ತಮೂರರ ಹುಡುಗಿ, ದಪ್ಪ ಕನ್ನಡಕ. ನನ್ನ ಗಂಡ ಹಿಂದಿನ ಬೆಂಚಿನಿಂದಲೇ ನೋಡಿ ಪವರ್ ಮೈನಸ್ ಆರಕ್ಕೆ ಕಡಿಮೆಯಿಲ್ಲ ಎಂದು ಪಿಸುಗುಟ್ಟಿದ. ಮನೆಯವರು ಕೂರಬಹುದು, ತುಟಿ ಬಿಚ್ಚುವ ಹಾಗಿಲ್ಲ ಎಂದು ಗುಮಾಸ್ತರು ಎಚ್ಚರಿಸಿ ಹೋದರು.

ಅತ್ತೆ ಎದ್ದು ನಿಂತರು. ಮೊದಲ ಮಾತಿಗೇ, ತಮ್ಮ ಲಿಖಿತ ಸಾರಾಂಶದ ನಾಲ್ಕನೆಯ ಪ್ಯಾರಾವನ್ನು ಹಿಂತೆಗೆದುಕೊಳ್ಳಲು ಅನುಮತಿ ಕೇಳಿದರು.

"ಅದರಲ್ಲಿ ನಾನು ಹೇಳಿರೋ ವಾಕ್ಯ ಭಿನ್ನಮತದ ನ್ಯಾಯಾಧೀಶರದ್ದು. ಅದನ್ನ ಕೋರ್ಟಿನ ನಿರ್ಣಯ ಅಂತ ಬರೆದದ್ದು ನನ್ನ ತಪ್ಪು. ಆ ಮೊಕದ್ದಮೆಯಲ್ಲಿ ಬಹುಮತದ ನಿರ್ಣಯ ನನಗೆ ವಿರುದ್ಧವಾಗಿದೆ. ನನ್ನ ಎದುರಾಳಿ ಅದನ್ನ ಉಲ್ಲೇಖಿಸಿಲ್ಲ. ಆದ್ದರಿಂದ ನಾನೇ ತಮ್ಮ ಮುಂದೆ ಇಡ್ತಿದ್ದೀನಿ."

ನನ್ನ ತಪ್ಪು ಎಂದರು. ನನ್ನ ಸೊಸೆಯ ಎನ್ನಲಿಲ್ಲ. ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎದುರಾಳಿ ಹುಡುಗಿ ತಲೆಯೆತ್ತಿ ನೋಡಿದಳು. ಗುಮಾಸ್ತರು ತೀರ್ಪಿನ ಪ್ರತಿ ಕೊಟ್ಟಾಗ ಅವಸರವಸರವಾಗಿ ಪುಟ ತಿರುವತೊಡಗಿದಳು. ನ್ಯಾಯಾಧೀಶೆ ಪೆನ್ಸಿಲ್ಲಿನಿಂದ ಏನನ್ನೋ ಗುರುತು ಹಾಕಿ, ಮುಂದುವರಿಸಿ ಎಂದರು.

ಅತ್ತೆ ತೊಟ್ಟಿಗೂ ಕೊಳವೆಗೂ ಇರುವ ವ್ಯತ್ಯಾಸವನ್ನು ಹೇಳಿದರು. ಸಲೀಸಾಗಿ ಹೇಳಲಿಲ್ಲ. ಎರಡು ಕಡೆ ತಡವರಿಸಿದರು, ಒಂದು ಕಡೆ ಪುಟಸಂಖ್ಯೆ ತಪ್ಪಿ ಹುಡುಕಾಡಿದರು. ತೊಟ್ಟಿ ತನ್ನಲ್ಲಿದ್ದದ್ದನ್ನು ಮಾತ್ರ ಕೊಡುತ್ತದೆ, ಬೀದಿಯ ನೀರಿಗೆ ಜೋಡಿಸಿದ ಕೊಳವೆ ಯಾರಾದರೂ ನಿಲ್ಲಿಸುವವರೆಗೂ ಕೊಡುತ್ತಲೇ ಇರುತ್ತದೆ ಎನ್ನುವಾಗ ನ್ಯಾಯಾಧೀಶೆ ಕೈ ಎತ್ತಿ ತಡೆದರು. ನನ್ನ ಗಂಡ ಕಣ್ಣು ಮುಚ್ಚಿಕೊಂಡ. ಅತ್ತೆ ಬಾಯಿ ತೆರೆದರು, ಮುಚ್ಚಿದರು, ಕೈಕಟ್ಟಿ ನಿಂತು ಕೇಳಿದರು.

ತೊಟ್ಟಿ ಕೆಲವರ ಮನೆಯಲ್ಲಿರುತ್ತದೆ, ಕೊಳವೆ ಎಲ್ಲರ ಮನೆಯಲ್ಲೂ ಇರುತ್ತದೆ. ತೊಟ್ಟಿಯವನೇ ಹೊಣೆಯಲ್ಲ ಎಂದಾದರೆ ಕೊಳವೆಯವನು ಇನ್ನೂ ಹೊಣೆಯಲ್ಲ ಅಲ್ಲವೇ, ಎಂಬುದು ಪ್ರಶ್ನೆ.

ಅತ್ತೆ ಐದು ಸಾಲಿನ ಹಾಳೆಯತ್ತ ಒಮ್ಮೆ ನೋಡಿದರು.

"ಹೌದು," ಎಂದರು ಅತ್ತೆ. "ಆ ಕಾರಣ ನನಗೆ ವಿರುದ್ಧವಾಗೇ ಇದೆ, ಅದನ್ನ ನಾನು ಅಲ್ಲಾಡ್ಸೋಕಾಗಲ್ಲ. ಆದರೆ ಆ ನಿರ್ಣಯ ನಿಂತಿರೋದು ಎರಡು ಕಾಲಿನ ಮೇಲೆ. ನಮ್ಮ ಮೊಕದ್ದಮೆಯಲ್ಲಿ ಎರಡನೇ ಕಾಲು ಇಲ್ಲ. ಒಂದೇ ಕಾಲಿನ ಮೇಲೂ ಅದು ನಿಲ್ಲತ್ತಾ ಅನ್ನೋದನ್ನ ಇದುವರೆಗೆ ಯಾವ ಕೋರ್ಟೂ ಹೇಳಿಲ್ಲ. ಅದನ್ನ ತಾವು ಹೇಳ್ಬೇಕು."

ನ್ಯಾಯಾಧೀಶೆ ಪೆನ್ಸಿಲ್ಲನ್ನು ಕೆಳಗಿಟ್ಟರು. ಹಾಗಾದರೆ ಆ ಕೊಳವೆಯಿಂದ ನಿಮಿಷಕ್ಕೆ ಎಷ್ಟು ನೀರು ಬಂದಿರಬಹುದು ಎಂದು ಕೇಳಿದರು.

ನನ್ನ ನಾಲಿಗೆಯ ತುದಿಯಲ್ಲಿ ಅಂದಾಜು ಇತ್ತು. ಕೊಳವೆಯ ವ್ಯಾಸ, ಬೀದಿಯ ನೀರಿನ ಒತ್ತಡ, ಎಲ್ಲ ನನ್ನ ದಿನನಿತ್ಯದ ವ್ಯವಹಾರ. ಅತ್ತೆಗೂ ಗೊತ್ತು, ತಾನು ತಲೆ ತಿರುಗಿಸಿದರೆ ನಾನು ತುಟಿಯಲ್ಲೇ ಹೇಳಿಬಿಡುತ್ತೇನೆಂದು. ಅವರು ತಿರುಗಲಿಲ್ಲ.

"ಸಂಗತಿಗಳ ಹಾಳೆಯಲ್ಲಿ ಅದನ್ನ ಕೊಟ್ಟಿಲ್ಲ. ಕೊಡದ ಅಂಕಿಯನ್ನ ನಾನು ಹೇಳೋ ಹಾಗಿಲ್ಲ. ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ನಿಲ್ಸೋರು ಯಾರೂ ಇರ್ಲಿಲ್ಲ ಅಂತ ಕೊಟ್ಟಿದ್ದಾರೆ. ಅಷ್ಟನ್ನೇ ಹೇಳ್ತೀನಿ."

ಎದುರಾಳಿ ಹುಡುಗಿ ಎದ್ದು, ಅತ್ತೆ ಕೈಗಿತ್ತ ತೊಟ್ಟಿಯ ತೀರ್ಪನ್ನೇ ಹಿಡಿದು ಹದಿನೈದು ನಿಮಿಷ ಅಚ್ಚುಕಟ್ಟಾಗಿ ವಾದಿಸಿದಳು. ಮೂರೂಕಾಲಿಗೆ ನ್ಯಾಯಾಧೀಶೆ ತೀರ್ಪು ಹೇಳಿದರು. ಮೇಲಿನ ಸಂಸಾರ ಹೊಣೆಯಲ್ಲ. ಎಲ್ಲರೂ ಮಾಡುವ ಕೆಲಸ ಎಂಬ ಕಾರಣವೊಂದೇ ತಮಗೆ ಸಾಕು. ರಟ್ಟು ಕಟ್ಟುವವನು ಸೋತ.

ಮೊಕದ್ದಮೆಯ ಸೋಲು ಬೇರೆ, ವಾದದ ಅಂಕ ಬೇರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅಂಕಗಳ ಹಾಳೆ ಬರುವವರೆಗಿನ ಒಂದೂವರೆ ಗಂಟೆ ಸಾಗಲಿಲ್ಲ. ಮೂವರೂ ಮೆಟ್ಟಿಲ ಮೇಲೆ ಕುಳಿತೆವು. ನಾನು ಕ್ಷಮೆ ಕೇಳಲು ಎರಡು ಸಲ ಶುರುಮಾಡಿದೆ, ಎರಡು ಸಲವೂ ಅತ್ತೆ ತಮ್ಮ ಚೀಲದಿಂದ ಬಿಸ್ಕತ್ತು ತೆಗೆದು ನನ್ನ ಕೈಗಿಟ್ಟರು. ನಡುವೆ ಕನ್ನಡಕದ ಹುಡುಗಿ ಬಂದು ನಿಂತಳು. ಗೆದ್ದವಳ ಮುಖವಿರಲಿಲ್ಲ. ಆ ತೀರ್ಪು ತನಗೆ ಏಕೆ ಸಿಗಲಿಲ್ಲ ಎಂದು ಕೇಳಿದಳು. ಅತ್ತೆ ನನ್ನತ್ತ ಗದ್ದ ಚಾಚಿ, ಇವಳನ್ನು ಕೇಳು, ನಮ್ಮ ಮನೆಯ ಗ್ರಂಥಪಾಲಕಿ, ಒಂದೇ ಒಂದು ದೋಷ, ಲೇಖಕರ ಹೆಸರು ಬರೆಯುವುದಿಲ್ಲ ಎಂದರು. ಹುಡುಗಿ ನಕ್ಕಳು. ನಾನೂ ನಕ್ಕೆ, ಬೆಳಿಗ್ಗೆಯಿಂದ ಮೊದಲ ಸಲ.

ನಾಲ್ಕೂಮುಕ್ಕಾಲಿಗೆ ಗುಮಾಸ್ತರು ಹಾಳೆಯನ್ನು ಫಲಕಕ್ಕೆ ಚುಚ್ಚಿದರು. ನನ್ನ ಗಂಡ ಎಲ್ಲರಿಗಿಂತ ಮೊದಲು ಓದಿದ, ದೂರದ ದೃಷ್ಟಿ ಚೆನ್ನಾಗಿದೆ ಅವನದು. ಹುಡುಗಿಗೆ ಅರವತ್ತು. ಅತ್ತೆಗೆ ಐವತ್ತೇಳು. ಭಾಷೆ, ಸಮಯಪಾಲನೆ, ಸಿದ್ಧತೆ ಮೂರರಲ್ಲೂ ಕಡಿಮೆ ಕೊಟ್ಟಿದ್ದರು. ಸಿದ್ಧತೆಗೆ ಇಪ್ಪತ್ತಕ್ಕೆ ಏಳು, ಅದು ನನ್ನ ಪಾಲಿನದು. ನ್ಯಾಯಾಲಯಕ್ಕೆ ನಡೆದುಕೊಂಡ ರೀತಿ ಎಂಬ ಕೊನೆಯ ಅಂಕಣದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು.

ಅತ್ತೆ ಅಂಕಗಳನ್ನು ಬೆರಳಿಟ್ಟು ಎರಡು ಸಲ ಕೂಡಿ ನೋಡಿದರು. ಆಮೇಲೆ ನನ್ನ ತೋಳು ಹಿಡಿದುಕೊಂಡು ಮೆಟ್ಟಿಲಿಳಿದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಮುಂದಿನ ವರ್ಷಕ್ಕೆ ಚೀಟಿಗಳಲ್ಲಿ ಒಂದು ಅಂಕಣ ಹೆಚ್ಚಿಸಬೇಕಾಗುತ್ತದೆ, ಇನ್ನೂರ ಹನ್ನೆರಡನ್ನೂ ತಿದ್ದಬೇಕು, ಯಾವಾಗ ಶುರುಮಾಡುತ್ತೀಯ ಎಂದು ಕೇಳಿದರು. ಮುಂದಿನ ವರ್ಷ ಎಂಬ ಮಾತು ಅವರ ಬಾಯಿಂದ ಬಂದದ್ದು ಜನವರಿಯ ನಂತರ ಅದೇ ಮೊದಲು. ನಾಳೆಯಿಂದಲೇ ಎಂದೆ.

ಮನೆಗೆ ಬಂದು ಕೋಟು ಕೂಡ ಕಳಚದೆ ಅವರು ನೇರವಾಗಿ ಬಚ್ಚಲಿಗೆ ಹೋದರು. ಒಗೆಯುವ ಯಂತ್ರದ ಹಿಂದೆ ಕೈಹಾಕಿ ನೀರಿನ ಕೊಳವೆಯನ್ನು ತಿರುಚಿ ಬಿಚ್ಚುತ್ತಿದ್ದ ಸದ್ದು ಕೇಳಿ ನಾನು ಓಡಿದೆ.

"ಕೋರ್ಟಲ್ಲಿ ಹೇಳೋ ಹಾಗಿರ್ಲಿಲ್ಲ," ಎಂದರು. "ತಿಳ್ಕೊಳ್ಳೋಕೆ ಯಾರ ಅಪ್ಪಣೆ ಬೇಕು? ಗಡಿಯಾರ ಹಿಡ್ಕೊ."

ಬಕೆಟ್ಟು ಹನ್ನೆರಡು ಲೀಟರಿನದು. ಅತ್ತೆ ಕೊಳವೆ ಹಿಡಿದರು, ನಾನು ಸೆಕೆಂಡಿನ ಮುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ನನ್ನ ಗಂಡ ಬಾಗಿಲಿಗೆ ಒರಗಿ ನಮ್ಮಿಬ್ಬರನ್ನೂ ನೋಡಿ ತಲೆ ಅಲ್ಲಾಡಿಸಿದ. ಒಂದು ಸಲ ಅಳೆದದ್ದು ಅಳತೆಯಲ್ಲ ಎಂದು ನಾನು ಪಟ್ಟು ಹಿಡಿದದ್ದರಿಂದ ಮೂರು ಸಲ ತುಂಬಿಸಿದೆವು. ಕೋಟಿನ ತೋಳೆರಡೂ ಒದ್ದೆಯಾದವು. ಅರವತ್ತೊಂದು ಸೆಕೆಂಡು, ಅರವತ್ತಮೂರು, ಅರವತ್ತೆರಡು. ಸರಾಸರಿ ತೆಗೆದು, ಹೊಸ ಚೀಟಿಯೊಂದರಲ್ಲಿ ಅಳೆದವರು ಎಂಬಲ್ಲಿ ಇಬ್ಬರ ಹೆಸರನ್ನೂ ಬರೆದು, ಕೆಳಗೆ ಅಂಕಿ ನಮೂದಿಸಿದೆ: ನಿಮಿಷಕ್ಕೆ ಹನ್ನೊಂದು ಪಾಯಿಂಟ್ ಆರು ಲೀಟರ್.